ಟರೆಟ್ ಕಳಚಿದ ಟ್ಯಾಂಕು: ಜೋಜಿ ಲಾ ಯುದ್ಧವನ್ನು ಊಟದ ಮೇಜಿನ ಮೇಲೆ ಕಟ್ಟುವಾಗ

ಸಿದ್ದಾಪುರದಿಂದ ಮಾತಾಡ್ತಾ ಇದ್ದೀನಿ. ಮಳೆ ಜೋರಿದೆ, ಹಿಂದೆ ಶೀಟಿನ ಮೇಲೆ ಬೀಳೋ ಸದ್ದು ಕೇಳಿಸಿದ್ರೆ ಸ್ವಲ್ಪ ಹೊಂದಿಸ್ಕೊಳ್ಳಿ.

ಇವತ್ತಿನ ಕಂತಿನಲ್ಲಿ ಒಂದು ಟ್ಯಾಂಕಿನ ಕಥೆ. ಅದರ ಉದ್ದ ಏಳು ಸೆಂಟಿಮೀಟರಿಗೂ ಕಡಿಮೆ. ಪ್ಲಾಸ್ಟಿಕ್‌ನದ್ದು. ಅಂಗೈ ಮೇಲೆ ಇಟ್ಕೊಂಡ್ರೆ ನಾಲ್ಕು ಬೆರಳಿನಷ್ಟು ಜಾಗಾನೂ ತುಂಬಲ್ಲ. ಆದರೆ ಇದರ ಅಸಲಿ ರೂಪ 1948ರ ನವೆಂಬರ್ 1ರಂದು ಕಾಶ್ಮೀರದ ಜೋಜಿ ಲಾ ಕಣಿವೆ ದಾರಿಯಲ್ಲಿ ಮಾಡಿದ ಕೆಲಸಕ್ಕೂ ನಮ್ಮ ಕೊಡಗಿಗೂ ನೇರ ನಂಟಿದೆ. ಆ ನಂಟನ್ನು ಹೇಳೋಕೆ ಮೊದಲು, ಈ ಆಟಿಕೆ ಟ್ಯಾಂಕು ಯಾಕೆ ಹುಟ್ಟಿತು ಅಂತ ಎರಡು ಮಾತು.

ಯುದ್ಧವನ್ನು ಮೇಜಿನ ಮೇಲೆ ಆಡೋದು ನಮಗೇನು ಹೊಸದಲ್ಲ. ಚದುರಂಗ ಅನ್ನೋ ಹೆಸರೇ ಆನೆ, ಕುದುರೆ, ರಥ, ಕಾಲಾಳು ಅನ್ನೋ ನಾಲ್ಕು ಅಂಗದ ಸೈನ್ಯದಿಂದ ಬಂದದ್ದು. ಜಗಲಿ ಮೇಲೆ ಬಳಪದಲ್ಲಿ ಗೆರೆ ಎಳೆದು ಆಡೋ ಹುಲಿ–ಕುರಿ ಆಟವೂ ಒಂಥರಾ ಯುದ್ಧವೇ: ಒಬ್ಬರ ಹತ್ರ ಬಲ ಜಾಸ್ತಿ, ಇನ್ನೊಬ್ಬರ ಹತ್ರ ಸಂಖ್ಯೆ ಜಾಸ್ತಿ. ಆದರೆ ಚದುರಂಗದಲ್ಲಿ ಬೆಟ್ಟ ಇಲ್ಲ, ಹೊಳೆ ಇಲ್ಲ, ಮಳೆ ಇಲ್ಲ. ಎಲ್ಲ ಮನೆಯೂ ಒಂದೇ ಅಳತೆ. ನಿಜವಾದ ನೆಲ ಹಾಗಿರಲ್ವಲ್ಲ.

ಆ ನೆಲವನ್ನು ಮೇಜಿನ ಮೇಲೆ ತಂದವರು ಪ್ರಷ್ಯಾದ ರೈಸ್‌ವಿಟ್ಸ್ ಅನ್ನೋ ತಂದೆ–ಮಗ. 1812ರಲ್ಲಿ ತಂದೆ ಅಲ್ಲಿನ ರಾಜನಿಗೆ ಒಂದು ಮೇಜು ಮಾಡಿಕೊಟ್ಟರು. ಅದರ ಮೇಲೆ ಗುಡ್ಡ, ನದಿ, ರಸ್ತೆ ಇರೋ ಬಿಲ್ಲೆಗಳನ್ನು ಬೇಕಾದ ಹಾಗೆ ಜೋಡಿಸಬಹುದಿತ್ತು. ಸೈನ್ಯದಲ್ಲಿ ಅಧಿಕಾರಿಯಾಗಿದ್ದ ಮಗ 1824ರಲ್ಲಿ ಅದನ್ನೇ ನಕ್ಷೆ, ದಾಳ, ಲೆಕ್ಕದ ಪಟ್ಟಿ ಇರೋ ಆಟವಾಗಿ ಬೆಳೆಸಿದ. ಕ್ರೀಗ್‌ಶ್ಪೀಲ್ ಅಂತ ಅದರ ಹೆಸರು, ಅರ್ಥ, ಯುದ್ಧದಾಟ. ಪ್ರಷ್ಯಾದ ಸೈನ್ಯ ಅದನ್ನು ತರಬೇತಿಗೆ ತೆಗೆದುಕೊಂಡಿತು.

ಸಾಮಾನ್ಯ ಜನರಿಗೆ ಇದನ್ನು ತಲುಪಿಸಿದ್ದು ಕಾದಂಬರಿಕಾರ ಎಚ್.ಜಿ. ವೆಲ್ಸ್. 1913ರಲ್ಲಿ ಅವರು 'ಲಿಟಲ್ ವಾರ್ಸ್' ಅನ್ನೋ ಪುಸ್ತಕ ಬರೆದು, ತವರದ ಸೈನಿಕರು ಮತ್ತು ಸ್ಪ್ರಿಂಗ್ ತೋಪುಗಳಿಂದ ಮನೆಯ ನೆಲದ ಮೇಲೆ ಹೇಗೆ ಆಡಬೇಕು ಅಂತ ನಿಯಮ ಕೊಟ್ಟರು. ದೊಡ್ಡ ಯುದ್ಧಕ್ಕಿಂತ ಈ ಪುಟ್ಟ ಯುದ್ಧವೇ ವಾಸಿ ಅನ್ನೋದು ಅವರ ವಾದ. ಮರುವರ್ಷವೇ ಮೊದಲ ಮಹಾಯುದ್ಧ ಶುರುವಾಯ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನಿನ ಏರ್‌ಫಿಕ್ಸ್‌ನಂಥ ಕಂಪನಿಗಳು ಅಗ್ಗದ ಪ್ಲಾಸ್ಟಿಕ್ ಕಿಟ್ ಮಾರೋಕೆ ಶುರು ಮಾಡಿದ ಮೇಲೆ ಟ್ಯಾಂಕು, ಟ್ರಕ್ಕು, ಜೀಪು ಎಲ್ಲ ಮೇಜಿಗೆ ಬಂದವು. ಇವತ್ತು 'ಫ್ಲೇಮ್ಸ್ ಆಫ್ ವಾರ್', 'ಬೋಲ್ಟ್ ಆಕ್ಷನ್' ಅನ್ನೋ ಆಟಗಳಿಗೆ ಜಗತ್ತಿನ ತುಂಬ ಆಟಗಾರರಿದ್ದಾರೆ.

ಈಗ ನಮ್ಮೂರಿನ ಕಡೆ ಬರೋಣ.

ಮಡಿಕೇರಿಯಲ್ಲಿ ಸನ್ನಿಸೈಡ್ ಅನ್ನೋ ಮನೆ ಇದೆ. ಜನರಲ್ ಕೆ.ಎಸ್. ತಿಮ್ಮಯ್ಯ 1906ರಲ್ಲಿ ಹುಟ್ಟಿದ ಮನೆ. ಎಷ್ಟೋ ವರ್ಷ ಅಲ್ಲಿ ಆರ್‌ಟಿಓ ಕಚೇರಿ ಇತ್ತು. ಲೈಸೆನ್ಸ್ ಮಾಡಿಸೋಕೆ ಅಲ್ಲಿಗೆ ಹೋದವರು ಈ ಕಂತು ಕೇಳ್ತಾ ಇರಬಹುದು. 2021ರ ಫೆಬ್ರುವರಿ 6ರಂದು ಆಗಿನ ರಾಷ್ಟ್ರಪತಿ ರಾಮನಾಥ್ ಕೋವಿಂದ್ ಅದನ್ನು ವಸ್ತುಸಂಗ್ರಹಾಲಯವಾಗಿ ಉದ್ಘಾಟಿಸಿದರು. ಅಂಗಳದಲ್ಲಿ ಸೈನ್ಯದಿಂದ ನಿವೃತ್ತಿಯಾದ ಟಿ–55 ಟ್ಯಾಂಕ್ ನಿಂತಿದೆ. ಮಕ್ಕಳು ಅದರ ಮುಂದೆ ನಿಂತು ಫೋಟೋ ತೆಗೆಸ್ಕೊಳ್ತಾರೆ. ಆದರೆ ತಿಮ್ಮಯ್ಯನವರ ಹೆಸರಿಗೆ ಅಂಟಿಕೊಂಡ ಟ್ಯಾಂಕು ಅದಲ್ಲ. ಅದು ಅದಕ್ಕಿಂತ ತುಂಬ ಚಿಕ್ಕದು: ಅಮೆರಿಕದಲ್ಲಿ ತಯಾರಾದ ಸ್ಟುವರ್ಟ್. ನಾಲ್ಕು ಜನ ಕೂರೋ ಹಗುರ ಟ್ಯಾಂಕು, 37 ಮಿಲಿಮೀಟರ್ ತೋಪು, ತೂಕ ಸುಮಾರು 15 ಟನ್.

1948ರ ಬೇಸಿಗೆಯಲ್ಲಿ ದ್ರಾಸ್, ಕಾರ್ಗಿಲ್, ಜೋಜಿ ಲಾ ಒಂದೊಂದಾಗಿ ಕೈತಪ್ಪಿದ್ದವು. ಶ್ರೀನಗರದಿಂದ ಲೇಹ್‌ಗೆ ಹೋಗೋ ದಾರಿ ಕಡಿದುಹೋಗಿತ್ತು. ಜೋಜಿ ಲಾ ಅಂದ್ರೆ ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದ ಕಣಿವೆ ದಾರಿ. ನಮ್ಮ ತಡಿಯಂಡಮೋಳು 1,748 ಮೀಟರ್. ಅದರ ಎರಡರಷ್ಟು ಅಂದುಕೊಳ್ಳಿ. ಸೆಪ್ಟೆಂಬರ್‌ನಲ್ಲಿ 77ನೇ ಪ್ಯಾರಾಚೂಟ್ ಬ್ರಿಗೇಡ್ ಕಾಲಾಳುಗಳನ್ನು ಮುಂದೆ ಬಿಟ್ಟು ಮಾಡಿದ ದಾಳಿಗಳು ಸೋತವು. ಬಂಡೆಗಳ ಮಧ್ಯೆ ಕೂತ ಮೆಷಿನ್ ಗನ್ನುಗಳು ಯಾರನ್ನೂ ಹತ್ತಿರ ಬಿಡಲಿಲ್ಲ. ಚಳಿಗಾಲ ಬಂದು ಹಿಮ ಮುಚ್ಚಿಬಿಟ್ರೆ ಮುಂದಿನ ವರ್ಷದ ತನಕ ದಾರಿ ಇಲ್ಲ, ಲೇಹ್‌ನಲ್ಲಿರೋರಿಗೆ ಗತಿ ಇಲ್ಲ.

ಆಗ 19ನೇ ಡಿವಿಜನ್ನಿನ ಮುಖ್ಯಸ್ಥರು ಮೇಜರ್ ಜನರಲ್ ತಿಮ್ಮಯ್ಯ. ಅವರ ಮೇಲೆ, ಇಡೀ ಪಶ್ಚಿಮದ ಹೊಣೆ ಹೊತ್ತವರು ಲೆಫ್ಟಿನೆಂಟ್ ಜನರಲ್ ಕೆ.ಎಂ. ಕಾರ್ಯಪ್ಪ. ಇಬ್ಬರೂ ಕೊಡಗಿನವರು. ಅಷ್ಟು ಎತ್ತರಕ್ಕೆ ಟ್ಯಾಂಕ್ ಹತ್ತಿಸೋಣ ಅನ್ನೋ ತೀರ್ಮಾನ ಆಯ್ತು. ಅಂಥ ಎತ್ತರದಲ್ಲಿ ಟ್ಯಾಂಕ್ ಕಾದಾಡಿದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ಎದುರಾಳಿಯೂ ನಿರೀಕ್ಷಿಸಿರಲಿಲ್ಲ, ಲಾಭ ಇದ್ದದ್ದೇ ಅಲ್ಲಿ.

ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗ್ ನೇತೃತ್ವದ 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್‌ಗಳು ಜಮ್ಮು ಕಡೆಯಿಂದ ಹೊರಟವು. ದಾರಿಯ ಸೇತುವೆಗಳು ಅಷ್ಟು ಭಾರ ತಡೆಯೋ ಹಾಗಿರಲಿಲ್ಲ. ಅದಕ್ಕೆ ಟರೆಟ್, ಅಂದ್ರೆ ತೋಪು ಕೂರಿಸಿದ, ಸುತ್ತ ತಿರುಗೋ ಮೇಲಿನ ಭಾಗವನ್ನು ಕಳಚಿ ಬೇರೆಯಾಗಿ ಸಾಗಿಸಿದರು. ಟ್ಯಾಂಕಿನ ಮೈಗೆ ಟಾರ್ಪಲ್ ಹೊದಿಸಿದರು. ನೋಡೋರಿಗೆ ಅದು ಯಾವುದೋ ಸಾಮಾನು ಗಾಡಿ ಅನ್ನಿಸಬೇಕು. ರಾತ್ರಿ ಕರ್ಫ್ಯೂ ಹಾಕಿ ಶ್ರೀನಗರ ದಾಟಿಸಿ, ಬಾಲ್ತಾಲ್ ತಲುಪಿಸಿದರು.

ನನಗೆ ಈ ಕಥೆಯಲ್ಲಿ ತುಂಬ ಹಿಡಿಸಿದ್ದು ಆ ಟಾರ್ಪಲ್ ಹೊದ್ದ ರೂಪ. ಅದಕ್ಕೇ ನಾನು ಕಟ್ಟಿದ್ದೂ ಅದನ್ನೇ.

ಕಿಟ್ ಬಗ್ಗೆ ಹೇಳ್ತೀನಿ. ಸ್ಟುವರ್ಟ್ ಮಾದರಿ ಜಪಾನಿನ ತಮಿಯಾದಲ್ಲಿ 1:35ರ ಅಳತೆಗೆ ಇದೆ, ಪೋಲೆಂಡಿನ ಮಿರಾಜ್ ಹಾಬಿಯಲ್ಲಿ 1:72ಕ್ಕೆ ಇದೆ. ಆಟಕ್ಕೆ ಚಿಕ್ಕದೇ ಒಳ್ಳೇದು. 1:72 ಅಂದ್ರೆ ಆರು ಅಡಿ ಮನುಷ್ಯ ಒಂದು ಇಂಚು ಆಗ್ತಾನೆ. ನಾನು ಓದಿದ್ದು ಬಿಕಾಂ, ಲೆಕ್ಕ ಹಾಕದೆ ಇರೋಕಾಗಲ್ಲ. ಉದ್ದ, ಅಗಲ, ಎತ್ತರ ಮೂರೂ 72ನೇ ಒಂದು ಭಾಗ ಆದ್ರೆ ತೂಕ 72ನ್ನು ಮೂರು ಸಲ ಗುಣಿಸಿದಷ್ಟು ಇಳಿಯುತ್ತೆ. ಅಂದ್ರೆ 3,73,248ನೇ ಒಂದು ಭಾಗ. 15 ಟನ್ ಟ್ಯಾಂಕು 40 ಗ್ರಾಂ ಆಯ್ತು. ನಾಲ್ಕೈದು ಚಮಚ ಕಾಫಿ ಪುಡಿ. ಆ 40 ಗ್ರಾಮನ್ನು ನಾನು ಒಂದು ಬೆರಳಲ್ಲಿ ತಳ್ತೀನಿ. ಅವರು 15 ಟನ್ನನ್ನು ಹೇಸರಗತ್ತೆ ಹೋಗೋ ದಾರಿಯಲ್ಲಿ ಹತ್ತಿಸಬೇಕಿತ್ತು.

ಡಬ್ಬದೊಳಗಿನ ಸೂಚನಾ ಹಾಳೆ ಹೇಳೋದು ಅಮೆರಿಕದ ಟ್ಯಾಂಕು ಕಟ್ಟೋಕೆ. ಬಿಳಿ ನಕ್ಷತ್ರದ ಡೆಕಾಲ್ ಕೊಟ್ಟಿರ್ತಾರೆ. ಅದು ಬೇಡ. ಟರೆಟ್ಟನ್ನು ಅಂಟಿಸದೆ ಹಾಗೇ ಬಿಟ್ಟೆ. ಬೇಕಾದಾಗ ಇಡಬಹುದು, ತೆಗೆಯಬಹುದು. ಅಸಲಿ ತೋಪಿನ ಬಾಯಿ 37 ಮಿಲಿಮೀಟರ್, ಈ ಅಳತೆಗೆ ಅರ್ಧ ಮಿಲಿಮೀಟರ್. ಪ್ಲಾಸ್ಟಿಕ್‌ನಲ್ಲಿ ಅಷ್ಟು ಸಣ್ಣ ತೂತು ಕೊರೆಯೋದು ಕಷ್ಟ. ಇಂಜೆಕ್ಷನ್ ಸೂಜಿ ಕತ್ತರಿಸಿ ಹಾಕಿದ್ರೆ ಸರಿಹೋಗುತ್ತೆ. ಟಾರ್ಪಲ್‌ಗೆ ಟಿಶ್ಯೂ ಪೇಪರನ್ನು ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಅದ್ದಿ ಹೊದಿಸೋದು. ಒಣಗಿದ ಮೇಲೆ ಮಡಿಕೆಗಳು ಗಟ್ಟಿಯಾಗಿ ನಿಲ್ಲುತ್ತವೆ. ಚೈನಿನ ಕೆಸರಿಗೆ ಫಿಲ್ಟರಿನ ಕಾಫಿ ಚರಟ. ಚೆನ್ನಾಗಿ ಒಣಗಿಸಬೇಕು, ಇಲ್ಲಾಂದ್ರೆ ನಮ್ಮೂರ ತೇವಕ್ಕೆ ಬೂಷ್ಟು ಹಿಡಿಯುತ್ತೆ. ಹಿಮಕ್ಕೆ ತುಂಬ ಜನ ಅಡುಗೆ ಸೋಡಾ ಬಳಸ್ತಾರೆ. ಅದು ಕ್ರಮೇಣ ಹಳದಿಯಾಗುತ್ತೆ. ಕೊಡಗಿನ ಜೂನ್–ಜುಲೈಯಲ್ಲಂತೂ ಪೇಂಟು ಒಣಗೋಕೇ ಎರಡು ದಿನ. ಒಲೆ ಪಕ್ಕ ಅಕ್ಕಿ ಡಬ್ಬದ ಮೇಲೆ ಇಟ್ಟು ಒಣಗಿಸೋದು ನನ್ನ ಪದ್ಧತಿ. ಅಮ್ಮ ಬೈಯೋದು ಅವರ ಪದ್ಧತಿ.

ಟ್ಯಾಂಕು ತಯಾರಾಯ್ತು. ಆಟ ಹೇಗೆ? ಇಲ್ಲೇ ನಿಜವಾದ ತೊಡಕು ಶುರುವಾಗೋದು.

ಸಾಮಾನ್ಯವಾಗಿ ಇಂಥ ಆಟಗಳ ನಿಯಮದಲ್ಲಿ ಟ್ಯಾಂಕು ಒಂದು ಸರದಿಗೆ ಎಷ್ಟು ಇಂಚು ಓಡುತ್ತೆ, ತೋಪಿನ ಬಲ ಎಷ್ಟು, ಉಕ್ಕಿನ ದಪ್ಪ ಎಷ್ಟು ಅಂತ ಅಂಕಿ ಇರುತ್ತೆ. ದಾಳ ಹಾಕೋದು, ಹೊಡೆಯೋದು. ಈ ಲೆಕ್ಕದಲ್ಲಿ ಜೋಜಿ ಲಾ ಅರ್ಧ ಗಂಟೆ ಆಟ. ಎದುರಾಳಿ ಹತ್ರ ಟ್ಯಾಂಕ್ ಇಲ್ಲ, ನಮ್ಮ ಹತ್ರ ಇದೆ, ಮುಗೀತು. ಆದರೆ ಅಸಲಿ ಯುದ್ಧ ಗೆದ್ದಿದ್ದು ಅಲ್ಲಿ ಅಲ್ಲವೇ ಅಲ್ಲ.

ನಮ್ಮ ಪಕ್ಕದ ತೋಟದ ಅಜ್ಜ ಒಬ್ಬರು ಸೈನ್ಯದಲ್ಲಿ ಸ್ಯಾಪರ್ ಆಗಿದ್ದವರು. ಸ್ಯಾಪರ್ ಅಂದ್ರೆ ರಸ್ತೆ, ಸೇತುವೆ ಕಟ್ಟೋ, ನೆಲಬಾಂಬು ತೆಗೆಯೋ ಎಂಜಿನಿಯರ್ ದಳದವರು. ನನ್ನ ಮೇಜು ನೋಡಿ ಅವರು ಟ್ಯಾಂಕನ್ನು ಮುಟ್ಟಲೇ ಇಲ್ಲ. "ಮೋನೆ, ಇದು ಮೇಲೆ ಹತ್ತಿದ್ದು ಹೇಗೆ? ರೋಡ್ ಯಾರು ಮಾಡಿದ್ದು ಇಲ್ಲಿ?" ಅಂತ ಕೇಳಿದ್ರು.

ರೋಡ್ ಮಾಡಿದ್ದು ಮದ್ರಾಸ್ ಸ್ಯಾಪರ್ಸ್. ಅವರ ಕೇಂದ್ರ ಇರೋದು ಬೆಂಗಳೂರಿನ ಹಲಸೂರು ಕೆರೆಯ ಹತ್ತಿರ. ಇತಿಹಾಸ 1780ಕ್ಕೆ ಹೋಗುತ್ತೆ. ಮೇಜರ್ ತಂಗರಾಜು ಅವರ ಸ್ಯಾಪರ್‌ಗಳು ಬಾಲ್ತಾಲ್‌ನಿಂದ ಜೋಜಿ ಲಾಗೆ ಇದ್ದ ಹೇಸರಗತ್ತೆ ದಾರಿಯನ್ನು ಅಗಲ ಮಾಡಿ, ಬಂಡೆ ಸಿಡಿಸಿ, ಟ್ಯಾಂಕು ಹತ್ತೋ ದಾರಿ ಮಾಡಿದರು. ಚಳಿಯಲ್ಲಿ, ಎದುರಾಳಿಯ ಗುಂಡಿನ ಕೆಳಗೆ. ದಕ್ಷಿಣದ ಸೆಖೆಯ ಊರುಗಳಿಂದ ಹೋಗಿ ಹಿಮದಲ್ಲಿ ಸನಿಕೆ ಹಿಡಿದವರು. ಬಾಲ್ತಾಲ್‌ನಿಂದ ಮೇಲಕ್ಕೆ ಆರೇಳು ನೂರು ಮೀಟರ್ ಏರು. ನನ್ನ ಅಳತೆಯಲ್ಲಿ ಅದನ್ನು ಕಟ್ಟಿದ್ರೆ ಒಂಬತ್ತು ಮೀಟರ್ ಎತ್ತರ ಬೇಕು, ಅಂದ್ರೆ ತೋಟದಲ್ಲಿ ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರದಷ್ಟು. ಊಟದ ಮೇಜಿನ ಮೇಲೆ ಅದು ಥರ್ಮೋಕೋಲಿನ ಒಂದು ಗೇಣು ಗುಡ್ಡ ಆಗಿಬಿಡುತ್ತೆ. ಏರು ಚಿಕ್ಕದಾದ ಕೂಡಲೇ ರಸ್ತೆ ಮಾಡಿದವರೂ ಕಾಣದೆ ಹೋಗ್ತಾರೆ.

ಅದಕ್ಕೆ ನಾನು ನಿಯಮವನ್ನೇ ಬೇರೆ ಥರ ಬರೆದೆ. ಆಟದ ಬಂಡವಾಳ ಟ್ಯಾಂಕ್ ಅಲ್ಲ, ದಿನ. ಒಂದು ಸರದಿ ಅಂದ್ರೆ ಒಂದು ದಿನ. ಪ್ರತಿ ಬೆಳಿಗ್ಗೆ ಹಿಮಕ್ಕೆ ಒಂದು ದಾಳ. ಹಿಮ ಬಿದ್ರೆ ಅವತ್ತಿನ ಕೆಲಸ ಅರ್ಧ. ರಸ್ತೆಯ ಒಂದೊಂದು ತುಂಡನ್ನೂ ಸ್ಯಾಪರ್ ಬೊಂಬೆಗಳನ್ನು ಕಳಿಸಿ ಮಾಡಿಸಬೇಕು. ಅವರಿಗೆ ಕಾವಲು ಕೊಡಬೇಕು. ಅವಸರ ಮಾಡಿ ಟರೆಟ್ ಕಳಚದೆ ಸೇತುವೆ ದಾಟಿಸಿದ್ರೆ ಸೇತುವೆ ಕುಸಿಯಬಹುದು, ಸುದ್ದಿ ಎದುರಾಳಿಗೆ ತಲುಪಬಹುದು. ದಿನ ಖರ್ಚಾಗೋದ್ರೊಳಗೆ ರಸ್ತೆ ಮುಗೀಲಿಲ್ಲ ಅಂದ್ರೆ ಟ್ಯಾಂಕು ಮೇಜಿನ ಮೇಲೆ ಬರೋದೇ ಇಲ್ಲ. ನೆಲ್ಲಿಹುದಿಕೇರಿಯಿಂದ ಭಾನುವಾರ ಬರೋ ಗೆಳೆಯರು ಮೊದಮೊದಲು "ಟ್ಯಾಂಕ್ ಯಾವಾಗ ಬರುತ್ತೋ?" ಅಂತ ಗೊಣಗ್ತಿದ್ರು. ಈಗ ರಸ್ತೆಯ ಒಂದು ತುಂಡು ಮುಗಿದ್ರೆ ಚಪ್ಪಾಳೆ ಹೊಡೀತಾರೆ.

ಅಸಲಿ ಕಥೆಯಲ್ಲಿ ಹಿಮ ಬಿದ್ದು ದಾಳಿ ಮುಂದಕ್ಕೆ ಹೋಯ್ತು. ಕೊನೆಗೆ ನವೆಂಬರ್ 1ರ ಮಧ್ಯಾಹ್ನದ ಮೇಲೆ ಸ್ಟುವರ್ಟ್‌ಗಳು ಕಣಿವೆ ಹೊಕ್ಕವು. ತಿಮ್ಮಯ್ಯ ಖುದ್ದಾಗಿ ಮುಂದೆ ಇದ್ದರು. ಟ್ಯಾಂಕಿನ ತೋಪುಗಳು ಬಂಡೆಗಳ ಮಧ್ಯದ ಬಂಕರುಗಳನ್ನು ಒಂದೊಂದಾಗಿ ಒಡೆದವು. ಹಿಂದೆ ಕಾಲಾಳುಗಳು ನುಗ್ಗಿದರು. ಸಂಜೆಯೊಳಗೆ ಕಣಿವೆ ದಾರಿ ಕೈಸೇರಿತು. ನವೆಂಬರ್ ಮುಗಿಯೋದ್ರೊಳಗೆ ದ್ರಾಸ್, ಕಾರ್ಗಿಲ್ ಎರಡೂ ವಾಪಸ್ ಬಂದವು, ಲೇಹ್ ದಾರಿ ತೆರೀತು.

ಒಂದು ಪ್ರಶ್ನೆ ಉಳಿಯುತ್ತೆ, ನಮ್ಮ ಜಿಲ್ಲೆಯಲ್ಲಿ ಅದನ್ನು ತಪ್ಪಿಸಿಕೊಳ್ಳೋಕಾಗಲ್ಲ. ಇಲ್ಲಿ ಎಷ್ಟೋ ಮನೆಗಳ ನಡುಕೋಣೆಯಲ್ಲಿ ಸಮವಸ್ತ್ರದ ಫೋಟೋ ಇದೆ, ಕೆಲವಕ್ಕೆ ಹಾರ ಇದೆ. ಅಂಥ ಮನೆಯಲ್ಲಿ ಕೂತು ಯುದ್ಧವನ್ನು ಆಟ ಆಡೋದು ಸರಿಯಾ? ನಾನು ಕೊಡೋ ಉತ್ತರ ಇಷ್ಟೇ. ಬೊಂಬೆ ಬಿದ್ರೆ ಎತ್ತಿ ಡಬ್ಬಕ್ಕೆ ಹಾಕ್ತೀವಿ, ಯಾರ ಮನೆಗೂ ತಂತಿ ಹೋಗಲ್ಲ. ಆ ವ್ಯತ್ಯಾಸ ಮರೆತು ಆಡಿದ್ರೆ ಅದು ತಪ್ಪು. ಆದರೆ ಒಂದು ಏರನ್ನು ಹತ್ತೋಕೆ ಎಷ್ಟು ಕೈ ಬೇಕಾಯ್ತು, ಎಷ್ಟು ದಿನ ಬೇಕಾಯ್ತು ಅಂತ ಬೆರಳಿಗೆ ಗೊತ್ತಾಗೋ ಹಾಗೆ ಆಡಿದ್ರೆ, ಪಾಠಪುಸ್ತಕದಲ್ಲಿ ಒಂದು ಸಾಲಾಗಿ ಮುಗಿದುಹೋಗೋ ಗೆಲುವಿನ ಹಿಂದಿನ ಜನ ಕಣ್ಣಿಗೆ ಬೀಳ್ತಾರೆ. ನನ್ನ ಮೇಜಿನ ಮೇಲೆ ಈಗ ಟ್ಯಾಂಕು ಎರಡು, ಸನಿಕೆ–ಪಿಕಾಸಿ ಹಿಡಿದ ಸ್ಯಾಪರ್‌ಗಳು ಇಪ್ಪತ್ತನಾಲ್ಕು.

ಕೊನೆಯದಾಗಿ ಒಂದು ಕೋರಿಕೆ. ನಿಮ್ಮ ಮನೆಯಲ್ಲಿ ಅಜ್ಜನೋ ಮುತ್ತಜ್ಜನೋ ಆ ಕಾಲದಲ್ಲಿ ಸೈನ್ಯದಲ್ಲಿದ್ದು, ಹಳೇ ಫೋಟೋ ಇದ್ರೆ, ಗೋಡೆಯಿಂದ ಇಳಿಸಿ ನೋಡಿ. ಹಿಂದೆ ಹೆಸರು, ದಳ, ಊರು, ವರ್ಷ ಬರೆದಿದ್ಯಾ? ಇಲ್ಲಾಂದ್ರೆ ಮನೆಯ ಹಿರಿಯರನ್ನು ಕೇಳಿ ಇವತ್ತೇ ಪೆನ್ಸಿಲಿನಲ್ಲಿ ಬರೆದಿಡಿ. ಗೆದ್ದ ಜನರಲ್‌ಗಳಿಗೆ ಮ್ಯೂಸಿಯಂ ಇದೆ. ಸನಿಕೆ ಹಿಡಿದವರಿಗೆ ಆ ಫೋಟೋ ಹಿಂದಿನ ಜಾಗವೇ ಸಿಕ್ಕೋದು.