ನಮ್ಮೂರ ಮಳೆಯ ಲೆಕ್ಕ ಹಾಕೋರು ಯಾರು?

ಕಾಪುವಿನಲ್ಲಿ ಬಿಸಿಲು ಕಾಯುತ್ತಿರುವಾಗಲೇ ಕಾರ್ಕಳದಲ್ಲಿ ಮಳೆ ಹೊಯ್ಯುವುದು ನಮ್ಮ ಕಡೆಯವರಿಗೆ ಹೊಸದಲ್ಲ. ನೇರ ಗೆರೆ ಎಳೆದರೆ ಎರಡೂ ಊರುಗಳ ನಡುವೆ ಮೂವತ್ತು ಕಿಲೋಮೀಟರೂ ಇಲ್ಲ. ಆದರೆ ಇದನ್ನು ಕಂಪ್ಯೂಟರಿಗೆ ಅರ್ಥ ಮಾಡಿಸೋದು ಇದೆಯಲ್ಲ, ಅದೊಂದು ದೊಡ್ಡ ಕಥೆ.

ಹವಾಮಾನ ಮಾದರಿ ಅಂದರೆ ಭೂಮಿಯನ್ನು ಚೌಕ ಚೌಕವಾಗಿ ಕತ್ತರಿಸಿ, ಒಂದೊಂದು ಚೌಕಕ್ಕೂ ಗಾಳಿ, ತೇವ, ಉಷ್ಣಾಂಶದ ಸಮೀಕರಣ ಬಿಡಿಸುವ ಪ್ರೋಗ್ರಾಂ. 2000ದ ಸುಮಾರಿಗೆ ಹೆಸರು ಮಾಡಿದ್ದ ಬ್ರಿಟನ್ನಿನ ಹ್ಯಾಡ್‌ಸಿಎಂ3 ಎಂಬ ಜಾಗತಿಕ ಮಾದರಿಯ ಒಂದು ಚೌಕ ನಮ್ಮ ಅಕ್ಷಾಂಶದಲ್ಲಿ ಸುಮಾರು 400 ಕಿ.ಮೀ. ಅಗಲ! ಉಡುಪಿಯ ಕಡಲಿಂದ ಬೆಂಗಳೂರಿನವರೆಗೆ ಎಲ್ಲಾ ಒಂದೇ ಚೌಕದಲ್ಲಿ ಹಿಡಿಸುವಷ್ಟು. ಹಾಗಾದರೆ ಘಟ್ಟ ಎಲ್ಲಿ ಹೋಯ್ತು? ಸರಾಸರಿಯಲ್ಲಿ ಕರಗಿಹೋಯ್ತು. ಘಟ್ಟವೇ ಇಲ್ಲ ಅಂದ ಮೇಲೆ ಕಡಲ ಗಾಳಿ ಮೇಲೇರಿ ತಣ್ಣಗಾಗೋದೂ ಇಲ್ಲ, ಆಗುಂಬೆಯ ಮಳೆಯೂ ಇಲ್ಲ.

ಇದಕ್ಕೊಂದು ಉಪಾಯ ಹೊಳೆದದ್ದು 1980ರ ದಶಕದ ಕೊನೆಗೆ, ಅಮೆರಿಕದಲ್ಲಿ. ರಾಬರ್ಟ್ ಡಿಕಿನ್ಸನ್, ಫಿಲಿಪ್ಪೊ ಜಾರ್ಜಿ ಮತ್ತು ಜೊತೆಗಾರರು ಒಂದು ಪ್ರದೇಶವನ್ನಷ್ಟೇ ಆರಿಸಿಕೊಂಡು, ಅದರ ಅಂಚಿನ ಮಾಹಿತಿಯನ್ನು ಜಾಗತಿಕ ಮಾದರಿಯಿಂದ ಕಡ ತಂದು, ಒಳಗೆ ಸಣ್ಣ ಚೌಕಗಳಲ್ಲಿ ಲೆಕ್ಕ ಮಾಡಿದರು. ಒಂಥರಾ ಭೂತಕನ್ನಡಿ ಅನ್ನಿ. ಅದರಿಂದ ಹುಟ್ಟಿದ್ದೇ ರೆಗ್‌ಸಿಎಂ.

ಸಾಫ್ಟ್‌ವೇರ್‌ನವನಾದ ನನಗೆ ಇಷ್ಟವಾಗೋದು ಮುಂದಿನ ಭಾಗ. ಬಡ ದೇಶಗಳ ವಿಜ್ಞಾನಿಗಳು ಒಂಟಿಯಾಗಬಾರದು ಅಂತ ಅಬ್ದುಸ್ ಸಲಾಂ 1964ರಲ್ಲಿ ಇಟಲಿಯ ಟ್ರಿಯೆಸ್ಟ್‌ನಲ್ಲಿ ಒಂದು ಸಂಸ್ಥೆ ಕಟ್ಟಿದ್ದರು. ಜಾರ್ಜಿ ಅಲ್ಲಿಗೆ ಹೋದರು. ರೆಗ್‌ಸಿಎಂನ ಫೋರ್ಟ್ರಾನ್ ಕೋಡನ್ನು ಅಲ್ಲಿಂದ ಕೇಳಿದವರಿಗೆಲ್ಲ ಕೊಟ್ಟರು, ನಡೆಸೋದನ್ನೂ ಕಲಿಸಿದರು. ಬ್ರಿಟನ್ನಿನ ಹ್ಯಾಡ್ಲಿ ಕೇಂದ್ರವೂ ಸಾಧಾರಣ ಪಿಸಿಯಲ್ಲಿ, ಲಿನಕ್ಸ್ ಮೇಲೆ ಓಡುವ 'ಪ್ರೆಸಿಸ್' ಎಂಬ ಮಾದರಿಯನ್ನು ಅಭಿವೃದ್ಧಿಶೀಲ ದೇಶಗಳಿಗೆ ಕೊಟ್ಟಿತು. ಪುಣೆಯ ಐಐಟಿಎಂ ವಿಜ್ಞಾನಿಗಳು ಅದರಲ್ಲೇ ಭಾರತಕ್ಕೆ 50 ಕಿ.ಮೀ. ಚೌಕದ ಮುನ್ನೋಟ ತಯಾರಿಸಿ 2006ರಲ್ಲಿ 'ಕರೆಂಟ್ ಸೈನ್ಸ್'ನಲ್ಲಿ ಪ್ರಕಟಿಸಿದರು. ಪಶ್ಚಿಮ ಘಟ್ಟ ಮತ್ತು ಕರಾವಳಿಯನ್ನೂ ಒಳಗೊಂಡ 2010ರ ಸರಕಾರಿ ವರದಿಗೂ ಪ್ರೆಸಿಸ್ಸೇ ಆಧಾರ. ನಮ್ಮ ಮುಂದಿನ ಮಳೆಯ ಲೆಕ್ಕವನ್ನು ನಮ್ಮವರೇ ಹಾಕಿದ್ದರು!

ಆದರೂ ನೋಡಿ, 50 ಕಿ.ಮೀ. ಅಂದರೆ ಕಾಪು, ಮಣಿಪಾಲ, ಕಾರ್ಕಳ ಮೂರೂ ಒಂದೇ ಚೌಕದಲ್ಲಿ ಹಿಡಿಸುತ್ತವೆ. 2020ರ ಸೆಪ್ಟೆಂಬರ್ 20ರಂದು ಉಡುಪಿ ಮುಳುಗಿತಲ್ಲ, ಅಂಥಾ ದಿನ ಇನ್ನು ಎಷ್ಟು ಸಲ ಬರಬಹುದು, ಮೋರಿಯನ್ನು ಎಷ್ಟು ಅಗಲ ಕಟ್ಟಬೇಕು ಅಂತ ಕೇಳಿದರೆ ಆ ಚೌಕ ಉತ್ತರ ಕೊಡೋದಿಲ್ಲ. ಇವತ್ತಿನ ರೆಗ್‌ಸಿಎಂ5 ಕೆಲವೇ ಕಿಲೋಮೀಟರಿನ ಚೌಕಗಳಲ್ಲೂ ಓಡುತ್ತೆ, ಕೋಡ್ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಆದರೆ ಅದು ಹೇಳಿದ್ದು ಸರಿಯೋ ತಪ್ಪೋ ಅಂತ ತಾಳೆ ನೋಡೋದಕ್ಕೆ ಊರೂರಿನ ಹಳೇ ಮಳೆ ಲೆಕ್ಕ ಬೇಕು. ಅದನ್ನು ಟ್ರಿಯೆಸ್ಟ್‌ನಿಂದ ಇಳಿಸಿಕೊಳ್ಳೋಕಾಗಲ್ಲ.

ಮನೆಯಂಗಳದಲ್ಲಿ ಮಳೆಮಾಪಕ ಇಟ್ಟು ದಿನಾ ಡೈರಿಯಲ್ಲಿ ಬರೆದಿಡುವ ಕೃಷಿಕರು ನಮ್ಮ ಕರಾವಳಿಯಲ್ಲಿದ್ದಾರೆ. ಅಂಥಾ ಡೈರಿಗಳು ರದ್ದಿಗೆ ಹೋಗೋ ಮುಂಚೆ ಯಾರಾದರೂ ಟೈಪ್ ಮಾಡಿಡಬೇಕು. ನಿಮ್ಮ ಅಜ್ಜನ ಮನೆಯಲ್ಲಿ ಅಂಥದ್ದೊಂದು ಇದ್ದರೆ ತಿಳಿಸಿ, ಕೂತು ಟೈಪಿಸೋಕೆ ನಾನು ರೆಡಿ.