ಗಚ್ಚು, ಸವಳು, ಬಣ್ಣ

ಅಥಣಿಯ ಗಚ್ಚಿನಮಠವೆಂದೊಡನೆ ಕನ್ನಡಿಗರ ಮನಸ್ಸಿಗೆ ಬರುವವರು ಮುರುಘೇಂದ್ರ ಶಿವಯೋಗಿಗಳು (1836–1921). ಅದು ಸಹಜವೇ ಆಗಿದೆ. ಆದರೆ ಆಯುಷ್ಯವೆಲ್ಲ ಶಬ್ದಗಳ ಹಿಂದೆ ಅಲೆದ ನನ್ನಂಥವನ ಕಿವಿಗೆ ಆ ಹೆಸರಿನ ಮೊದಲ ಅರ್ಧವೂ ಅಷ್ಟೇ ಗಟ್ಟಿಯಾಗಿ ಕೇಳಿಸುತ್ತದೆ. ಮಣ್ಣಿನ ಗೋಡೆ, ಮೇಲ್ಮುದ್ದೆಯ ಮಾಳಿಗೆಗಳೇ ವಾಡಿಕೆಯಾಗಿದ್ದ ಸೀಮೆಯಲ್ಲಿ ಗಚ್ಚಿನಿಂದ ಕಟ್ಟಿದ್ದೆಂಬುದೇ ಒಂದು ಕಟ್ಟಡಕ್ಕೆ ಗುರುತಾಗಿ ನಿಂತಿತು. ಮಸ್ಕಿಯಲ್ಲಿಯೂ ಒಂದು ಗಚ್ಚಿನಮಠವಿದೆ.

'ಗಚ್ಚು' ಪಾರಸಿಯ 'ಗಚ್' ಶಬ್ದದಿಂದ ನಮಗೆ ಬಂದದ್ದು. ನೆರೆಯ ಮರಾಠಿಯಲ್ಲಿ ಅದು 'ಗಚ್ಚೀ' ಆಗಿ ಮಾಳಿಗೆಯನ್ನೇ ಸೂಚಿಸುತ್ತದೆ. ದಕ್ಷಿಣದ ಕನ್ನಡಿಗರು ಇದೇ ವಸ್ತುವನ್ನು ಗಾರೆ ಎನ್ನುತ್ತಾರೆ. ಸುಟ್ಟು ಅರಳಿಸಿದ ಸುಣ್ಣ, ಮರಳು, ಇಟ್ಟಿಗೆಯ ಪುಡಿ ಇವನ್ನು ಕಲ್ಲಿನ ಗಾಲಿಯ ಗಾಣದಲ್ಲಿ ಎಮ್ಮೆ ಅಥವಾ ಕೋಣ ಕಟ್ಟಿ ನುಣ್ಣಗೆ ಅರೆಯುತ್ತಿದ್ದರು. ಬೆಲ್ಲದ ನೀರು, ಅಳಲೆಕಾಯಿಯ ಕಷಾಯಗಳನ್ನು ಅದಕ್ಕೆ ಬೆರೆಸುತ್ತಿದ್ದರು. ಬೆಲ್ಲದಿಂದ ಗಚ್ಚು ಮೆತ್ತಗಾಗಿ ಕಡಿಮೆ ನೀರಿನಲ್ಲಿಯೇ ಕರಣೆಗೆ ಒದಗುತ್ತಿತ್ತು. ಇಟ್ಟಿಗೆಯ ಪುಡಿಯಿಂದ ತಂಪಿನಲ್ಲಿಯೂ ಗಟ್ಟಿಯಾಗುತ್ತಿತ್ತು. ಅಜ್ಜಿಯ ಕತೆಯಂತೆ ಕೇಳಿಸುವ ಈ ಪಾಕದಲ್ಲಿ ಮೂಢನಂಬಿಕೆ ಏನೂ ಇಲ್ಲ. ವಿಜಯಪುರದ ಆದಿಲಶಾಹಿಗಳು ಗೋಲಗುಮ್ಮಟದಂಥ ಬೃಹತ್ ಕಟ್ಟಡಗಳಲ್ಲಿ ನೆಚ್ಚಿದ್ದು ಇಂಥ ಸುಣ್ಣದ ಗಾರೆಯನ್ನೇ. ಆ ಊರಿನ ಹತ್ತಿರದ ಕುಮಟಗಿಯಲ್ಲಿ ಅವರು ಕೆರೆಯ ನಡುವೆ ಜಲವಿಹಾರದ ಮಂಟಪಗಳನ್ನು ಕಟ್ಟಿ, ಅವುಗಳ ಗೋಡೆಗಳ ಮೇಲೆ ಚಿತ್ರ ಬರೆಯಿಸಿದರು. ಸುತ್ತಲೂ ನೀರು, ಗೋಡೆಯ ಮೇಲೆ ಬಣ್ಣ! ಬಹಳಷ್ಟು ಮಾಸಿದ್ದರೂ ಅವುಗಳ ಕುರುಹು ಇಂದಿಗೂ ಇದೆ.

ಆದರೆ ಬಣ್ಣ ಬಳಿಯುವ ಮೊದಲು ಗೋಡೆಯನ್ನು ಹದಗೊಳಿಸಬೇಕೆಂಬ ವಿಚಾರ ನಮ್ಮ ನಾಡಿಗೆ ಆದಿಲಶಾಹಿಗಳಿಗಿಂತ ಮೂರು ಶತಮಾನಕ್ಕೂ ಹೆಚ್ಚು ಹಿಂದಿನದು. ಕಲ್ಯಾಣದ ಚಾಲುಕ್ಯ ಅರಸ, ಭೂಲೋಕಮಲ್ಲ ಮೂರನೆಯ ಸೋಮೇಶ್ವರ, 1129ರ ಸುಮಾರಿಗೆ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಚಿತ್ರ ಬರೆಯುವ ಗೋಡೆಯ ವಿಧಿಯಿದೆ. ಅಡುಗೆ, ಆನೆ, ಮೀನು ಹಿಡಿಯುವುದು ಎಲ್ಲವನ್ನೂ ಬಲ್ಲ ಅರಸ ಈತ, ಗೋಡೆಯನ್ನೂ ಬಲ್ಲ. ಹಸಿ ಎಮ್ಮೆಯ ತೊಗಲನ್ನು ಬೆಣ್ಣೆಯ ಹದಕ್ಕೆ ಬರುವವರೆಗೆ ನೀರಿನಲ್ಲಿ ಬೇಯಿಸಿ, ಕಡ್ಡಿಗಳನ್ನಾಗಿ ಮಾಡಿ ಬಿಸಿಲಿನಲ್ಲಿ ಒಣಗಿಸಬೇಕು. ಇದಕ್ಕೆ ವಜ್ರಲೇಪವೆಂದು ಹೆಸರು. ಬೇಕಾದಾಗ ಕಡ್ಡಿಯನ್ನು ಬಿಸಿನೀರಿನಲ್ಲಿ ಕರಗಿಸಿ, ಬಿಳಿಯ ಮಣ್ಣನ್ನು ಕಲಸಿ ಗೋಡೆಗೆ ಮೂರು ಸಲ ಬಳಿಯಬೇಕು, ಒಂದು ಲೇಪ ಒಣಗಿದ ಮೇಲೆಯೇ ಮತ್ತೊಂದು. ಅನಂತರ ಶಂಖದ ಪುಡಿಯ ಲೇಪ. ಬಣ್ಣದ ಮಾತು ಬರುವುದು ಇಷ್ಟೆಲ್ಲ ಆದ ಮೇಲೆ.

ಹೆಸರು ವಜ್ರವಾದರೂ ಇದು ಬಡಗಿಗಳು ಮರವಜ್ರವೆಂದು ಕರೆಯುವ ತೊಗಲಿನ ಅಂಟೇ. ಅರಸನ ಸಂಸ್ಕೃತ ಬಡಗಿಯ ಬಾಯಲ್ಲಿ ಉಳಿದುಬಂದ ಈ ಬಗೆಯನ್ನು ಕಂಡರೆ ನನಗೆ ಈಗಲೂ ಸಂತೋಷವಾಗುತ್ತದೆ. ಇನ್ನು ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಬರುವ ವಜ್ರಲೇಪ ಬೇರೆಯದು. ಬೇಲದ ಕಾಯಿ, ಬೂರುಗದ ಹೂವು ಮೊದಲಾದವನ್ನು ಕುದಿಸಿ, ಗುಗ್ಗುಳ ಮುಂತಾದ ಅಂಟುಗಳನ್ನು ಕೂಡಿಸಿ ಬಿಸಿಬಿಸಿಯಾಗಿ ಬಳಿಯುವಂಥದು. ಕೋಟಿ ವರ್ಷ ಬಾಳುತ್ತದೆಂದು ಆತನ ಭರವಸೆ. ಸೋಮೇಶ್ವರ ಅಂಥ ಜಾಹೀರಾತಿಗೆ ಹೋಗುವುದಿಲ್ಲ. ತೊಗಲಿನ ಅಂಟು ನೀರಿಗೆ ಕರಗುವ ಪದಾರ್ಥ. ಅದು ಗೋಡೆಯ ಸೂಕ್ಷ್ಮ ರಂಧ್ರಗಳನ್ನು ತುಂಬಿ ಬಣ್ಣ ಸಮನಾಗಿ ಹಿಡಿಯುವಂತೆ ಮಾಡೀತೇ ಹೊರತು ಒಳಗಿನಿಂದ ಬರುವ ನೀರನ್ನು ತಡೆಯಲಾರದು. ಆದುದರಿಂದಲೇ ಒಣಗಿಸುವುದರ ಮೇಲೆ ಆತನಿಗೆ ಅಷ್ಟು ಒತ್ತು.

ಒಳಗಿನ ನೀರೆಂದರೇನು? ಕೃಷ್ಣೆಯ ದಂಡೆಯ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿಗಳ ರೈತರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅವರು ಸವಳು-ಜವಳು ಎಂಬ ಜೋಡಿಪದವನ್ನು ಬಲ್ಲರು. ಕಬ್ಬಿಗೆ ಹರಿಸಿದ ನೀರು ನೆಲದಲ್ಲಿ ನಿಂತು ಉಪ್ಪನ್ನು ಮೇಲಕ್ಕೆ ತಂದು ಹೊಲವನ್ನು ಬೆಳ್ಳಗಾಗಿಸುವಂತೆಯೇ, ಬುನಾದಿ ಕುಡಿದ ನೀರು ಉಪ್ಪನ್ನು ಹೊತ್ತು ಗೋಡೆಯನ್ನೇರುತ್ತದೆ. ಇದರಲ್ಲೊಂದು ವಿನೋದವಿದೆ. ಮೇಲ್ಮುದ್ದೆಯ ಮೇಲೆ ಹಿರಿಯರು ಬೇಕೆಂದೇ ಸವಳು ಮಣ್ಣನ್ನು ಹಾಸುತ್ತಿದ್ದರು. ಮಳೆ ಬಿದ್ದೊಡನೆ ಅದು ಕದಡಿ ತನ್ನ ರಂಧ್ರಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ, ಹುಲ್ಲು ಬೆಳೆಯಲು ಬಿಡುವುದಿಲ್ಲ. ತಲೆಯ ಮೇಲೆ ಮನೆಯನ್ನು ಕಾಯ್ದ ಸವಳು ಕಾಲಿನ ಬುಡದಲ್ಲಿ ಅದನ್ನು ತಿನ್ನುತ್ತದೆ.

1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್ಡಿನ್ ಹಕ್ಕುಪತ್ರ ಪಡೆದ ಪೋರ್ಟ್‌ಲ್ಯಾಂಡ್ ಸಿಮೆಂಟು ನಮ್ಮ ಹಳ್ಳಿಗಳನ್ನು ಮುಟ್ಟಿದ್ದು ಬಹಳ ತಡವಾಗಿ. ಮುಟ್ಟಿದ ಮೇಲೆ ಗಾಣ ನಿಂತಿತು. ಕಾಂಕ್ರೀಟು ಕಲ್ಲಿನಂತೆ ಕಾಣುತ್ತದೆ, ಆದರೆ ಅದರ ತುಂಬ ಕೂದಲಿಗಿಂತ ಸಣ್ಣ ನಾಳಗಳಿವೆ. ಅದೂ ನೀರು ಕುಡಿಯುತ್ತದೆ. ಗಚ್ಚು ಕುಡಿದ ನೀರನ್ನು ಸುಣ್ಣದ ಹೊರಮೈಯಿಂದ ಗಾಳಿಗೆ ಬಿಟ್ಟುಕೊಡುತ್ತಿತ್ತು. ಕಾಂಕ್ರೀಟಿನ ಮೇಲೆ ನಾವು ಎಣ್ಣೆಬಣ್ಣದ ಪೊರೆಯನ್ನು ಹೊದಿಸಿ ಆ ದಾರಿಯನ್ನು ಕಟ್ಟುತ್ತೇವೆ. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಈ ತಾಲೂಕುಗಳ ಊರುಗಳನ್ನು ಹೊಕ್ಕಳು. ನನ್ನ ಬಂಧುಗಳೊಬ್ಬರ ಸ್ಲ್ಯಾಬಿನ ಮನೆ ಎದೆಮಟ್ಟ ನೀರಿನಲ್ಲಿ ನಿಂತಿತ್ತು. ದೀಪಾವಳಿಗೆ ಮನೆ ಹೊಸದಾಗಿ ಕಾಣಲೆಂದು ಅವರು ಗೋಡೆಗೆ ಪುಟ್ಟಿ ತಿಕ್ಕಿಸಿ ಹೊಳೆಯುವ ಬಣ್ಣ ಕೊಡಿಸಿದರು. ಮುಂದಿನ ಬೇಸಿಗೆಗೆ ಆ ಬಣ್ಣ ಹಪ್ಪಳದಂತೆ ಉಬ್ಬಿ, ಬೆರಳು ತಾಗಿದರೆ ಉದುರಿ, ಹಿಂದೆ ಬಿಳಿಯ ಉಪ್ಪು ಕಾಣಿಸಿತು. ಮತ್ತೆ ಕೆರೆಸಿ ಇನ್ನೊಂದು ಸಲ ಬಳಿಸಿದರು. ನೆರೆಯಲ್ಲಿ ಎಲ್ಲ ಕಳೆದುಕೊಂಡವರಿಗೆ ಎರಡು ಸಲ ಬಣ್ಣದ ಖರ್ಚು ಸಣ್ಣದಲ್ಲ.

ಹಳೆಯ ಗಚ್ಚಿನ ಕಟ್ಟಡಗಳಿಗೆ ಸಿಮೆಂಟಿನ ಗಿಲಾವು ಮಾಡಿಸುವ ಉತ್ಸಾಹವೂ ನನಗೆ ಹಿಡಿಸುವುದಿಲ್ಲ. ಗಟ್ಟಿಯಾದ ಹೊರಪದರ ತಾನು ನಿಂತು ಒಳಗಿನ ಮೃದುವಾದ ಸುಣ್ಣವನ್ನು ಪುಡಿಮಾಡುತ್ತದೆ. ಹೊರಗೆ ಬರಲಾರದ ನೀರು ಒಳಗೇ ಕೆಲಸ ಮಾಡುತ್ತದೆ. ಭಕ್ತಿಯಿಂದ ಮಾಡಿಸಿದ ಜೀರ್ಣೋದ್ಧಾರ ಎಷ್ಟೋ ಕಡೆ ಜೀರ್ಣವನ್ನೇ ಬೆಳೆಸಿದೆ.

ಇಂದಿನ ಗೌಂಡಿಗಳ ಕೈಗೆ ಸೀಲರ್, ಪ್ರೈಮರ್‌ಗಳು ಬಂದಿವೆ. ಅವು ಸೋಮೇಶ್ವರನ ಲೇಪಗಳ ವಾರಸುದಾರರು; ಕ್ರಮವೂ ಆತನದೇ. ಮೊದಲು ನೀರು ಬರುವ ದಾರಿಯನ್ನು ಬುನಾದಿಯಲ್ಲಿ, ಮಾಳಿಗೆಯಲ್ಲಿ ಕಟ್ಟಬೇಕು. ಬಳಿಕ ಗೋಡೆಯನ್ನು ಒಣಗಲು ಬಿಡಬೇಕು. ಹೊಸ ಸಿಮೆಂಟಿಗಾದರೆ 28 ದಿನವಾದರೂ ಬೇಕು, ನೆರೆ ಕುಡಿದ ಗೋಡೆಗೆ ಒಂದು ಇಡೀ ಬೇಸಿಗೆ. ಮೇಲೆದ್ದ ಉಪ್ಪನ್ನು ಒಣ ಬ್ರಶ್ಶಿನಿಂದ ತೆಗೆಯಬೇಕು, ನೀರು ಹಾಕಿ ತೊಳೆದರೆ ಅದು ಕರಗಿ ಮತ್ತೆ ಒಳಗೆ ಹೋಗುತ್ತದೆ. ಸೀಲರ್ ಆವಿಯನ್ನು ಹೊರಗೆ ಬಿಡುವಂಥದ್ದಾಗಿರಬೇಕು. ಗೋಡೆ ಒಣಗಿತೋ ಇಲ್ಲವೋ ಎಂದು ತಿಳಿಯಲು ಯಂತ್ರವೇನೂ ಬೇಡ. ಒಂದು ಮೊಳ ಉದ್ದ, ಒಂದು ಮೊಳ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಪಟ್ಟಿ ಅಂಟಿಸಿ ಗೋಡೆಗೆ ಹಚ್ಚಿ, 16 ಗಂಟೆ ಬಿಟ್ಟು ತೆಗೆದು ನೋಡಬೇಕು. ಹಾಳೆಯ ಹಿಂದೆ ಬೆವರು ಮೂಡಿದ್ದರೆ ಬಣ್ಣದ ಡಬ್ಬಿಯ ಮುಚ್ಚಳವನ್ನು ಇನ್ನೂ ತೆಗೆಯಬಾರದು.