ನಿಂತ ಜೀಪಿನ ಕರೆಂಟು

ಬದಿಯಡ್ಕದ ಚರಿತ್ರೆ ಬರೆಯುವವರು ಮೊದಲು ಹೇಳುವುದು 1956ರ ನವೆಂಬರ್ 1ರ ಮಾತನ್ನು. ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ಅಂದು ಕೇರಳದ ಪಾಲಾಯಿತು. ಅದರ ಬೆನ್ನಿಗೇ ಬರುವ ಹೆಸರು ಪೆರಡಾಲದ ಶಾಲೆಯಲ್ಲಿ ಪಾಠ ಹೇಳಿದ, ಬದಿಯಡ್ಕ ಪಂಚಾಯತಿನ ಅಧ್ಯಕ್ಷರಾಗಿ ದುಡಿದ ಕನ್ನಡ ಕವಿ ಕಯ್ಯಾರ ಕಿಞ್ಞಣ್ಣ ರೈಗಳದು. ಗಡಿ ಮತ್ತು ಭಾಷೆಯ ಈ ಕಥೆ ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಬದಿಯಡ್ಕ ಪೇಟೆಯಾದದ್ದು ಎರಡು ರಸ್ತೆಗಳು ಅಲ್ಲಿ ಕೂಡಿದ್ದರಿಂದ. ಕುಂಬಳೆಯಿಂದ ಸೀತಾಂಗೋಳಿಯ ಮೇಲೆ ಮುಳ್ಳೇರಿಯಕ್ಕೆ ಹೋಗುವ ದಾರಿಯೂ ಚೆರ್ಕಳದಿಂದ ಪೆರ್ಲ, ಅಡ್ಕಸ್ಥಳ, ವಿಟ್ಲ ದಾಟಿ ಕಲ್ಲಡ್ಕ ಸೇರುವ ದಾರಿಯೂ ಇಲ್ಲಿ ಸಂಧಿಸುತ್ತವೆ. ರೈಲು 1907ರಲ್ಲೇ ಮಂಗಳೂರು ಮುಟ್ಟಿತ್ತಾದರೂ ಅದು ಕಡಲ ಬದಿಯಲ್ಲೇ ಉಳಿಯಿತು. ಒಳನಾಡಿಗೆ ಸಿಕ್ಕಿದ್ದು ಬಸ್ಸು. ಬಸ್ಸು ಇಳಿದ ಮೇಲೆ ತೋಟದ ಮನೆಯವರೆಗೆ ಸಿಕ್ಕಿದ್ದು ಜೀಪು. ಆ ಜೀಪಿನ ಬಾನೆಟ್ಟಿನಡಿ ಬೆಲ್ಟಿಗೆ ಸಿಕ್ಕಿಕೊಂಡು ತಿರುಗುತ್ತ ಬ್ಯಾಟರಿಗೆ ಕರೆಂಟು ಹುಟ್ಟಿಸುವ ಒಂದು ಸಣ್ಣ ಯಂತ್ರದ ಬದಲಾವಣೆಯೇ ಇಲ್ಲಿಯ ವಿಷಯ. ಡೈನಮೊ ಹೋಗಿ ಆಲ್ಟರ್ನೇಟರ್ ಬಂದದ್ದು ವೇಗಕ್ಕಾಗಿ, ಸುಖಸೌಕರ್ಯಕ್ಕಾಗಿ ಎಂಬುದು ದೊಡ್ಡ ರಸ್ತೆಯ ಕಾರಿನ ಕಥೆ. ಗುಡ್ಡದೂರಿನ ಜೀಪಿನ ಮಟ್ಟಿಗೆ ಅದು ಬೇಕಾದದ್ದು ನಿಧಾನಕ್ಕೆ ಎಂಬುದು ನನ್ನ ವಾದ.

ನೆಲದ ಗುಣವನ್ನು ಮೊದಲು ನೋಡಬೇಕು. ಮುರಕಲ್ಲಿನ ಗುಡ್ಡ, ಅದರ ಬುಡದ ಬೈಲಿನಲ್ಲಿ ಅಡಕೆ ತೋಟ, ಮನೆಯಿಂದ ಮನೆಗೆ ಏರು, ಇಳಿತ, ನಡುವೆ ತೋಡು. ಬೀದಿಗೊತ್ತಿದ ಸಾಲುಮನೆಗಳ ಊರು ಇದಲ್ಲ. ಪ್ರತಿ ಮನೆಗೂ ತನ್ನದೇ ಕಡಿದಾದ ಮಣ್ಣಿನ ದಾರಿ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಇಂಥ ದಾರಿಗೆ ಹೊಂದಿದ ಗಾಡಿ ಹುಟ್ಟಿದ್ದು ಯುದ್ಧಕ್ಕಾಗಿ. 1941ರಿಂದ ಅಮೆರಿಕದ ಸೈನ್ಯಕ್ಕೆ ತಯಾರಾದ ವಿಲ್ಲಿಸ್ ಜೀಪನ್ನು ಸ್ವಾತಂತ್ರ್ಯದ ಹೊತ್ತಿಗೆ ಮಹೀಂದ್ರ ಕಂಪನಿ ಭಾರತದಲ್ಲಿ ಜೋಡಿಸತೊಡಗಿತು. ಮುಂದೆ ಸಿಜೆ-3ಬಿ ಮಾದರಿ ಇಲ್ಲಿಯೇ ದಶಕಗಟ್ಟಲೆ ತಯಾರಾಯಿತು. ನಾಲ್ಕೂ ಚಕ್ರಕ್ಕೆ ಬಲ, ಅದರ ಮೇಲೊಂದು ಲೋ ಗೇರು: ಹತ್ತಲಾರದ ದಾರಿ ಕಡಿಮೆ. ಆದರೆ ಬಾಡಿಗೆ ಜೀಪಿನ ದಿನಚರಿಯಲ್ಲಿ ಹತ್ತುವುದಕ್ಕಿಂತ ಕಾಯುವುದೇ ಹೆಚ್ಚು. ಜನ ತುಂಬುವ ತನಕ ಪೇಟೆಯಲ್ಲಿ ನಿಲ್ಲಬೇಕು. ಎರಡು ಮೈಲಿಗೊಮ್ಮೆ ಇಳಿಸಿ ಹತ್ತಿಸಬೇಕು. ಗೊಬ್ಬರದ ಗೋಣಿ, ಅಡಕೆಯ ಮೂಟೆ ಹೇರುವಾಗ ಎಂಜಿನ್ ಸುಮ್ಮನೆ ಗುಂಯ್‌ಗುಡುತ್ತಿರಬೇಕು, ಇಲ್ಲವೇ ಆರಿಸಿ ಮತ್ತೆ ಸೆಲ್ಫ್ ಹೊಡೆಯಬೇಕು.

ಈ ದಿನಚರಿ ಡೈನಮೊಗೆ ಒಗ್ಗಲಿಲ್ಲ. ಡೈನಮೊದಲ್ಲಿ ಕರೆಂಟು ಹುಟ್ಟುವುದು ತಿರುಗುವ ಆರ್ಮೇಚರಿನಲ್ಲಿ. ಅಲ್ಲಿ ಹುಟ್ಟಿದ್ದೆಲ್ಲ ಕಮ್ಯುಟೇಟರಿನ ತಾಮ್ರದ ಪಟ್ಟಿಗಳ ಮೇಲೆ ಉಜ್ಜುವ ಎರಡು ಕಾರ್ಬನ್ ಬ್ರಶ್ಶುಗಳ ಮೂಲಕವೇ ಹೊರಬರಬೇಕು. ಬಹಳ ಜೋರಾಗಿ ತಿರುಗಿಸಿದರೆ ಆರ್ಮೇಚರಿನ ಸುರುಳಿ ಕಿತ್ತು ಹೊರಬರುವ ಭಯ. ಆದ್ದರಿಂದ ಅದರ ಪುಲ್ಲಿಯನ್ನು ದೊಡ್ಡದಾಗಿ ಇಟ್ಟು ವೇಗವನ್ನು ತಗ್ಗಿಸುತ್ತಿದ್ದರು. ಫಲವಾಗಿ ಎಂಜಿನ್ ನಿಂತಲ್ಲೇ ಓಡುತ್ತಿರುವಾಗ ಡೈನಮೊ ಚಾರ್ಜಿಂಗ್ ಶುರುಮಾಡುವ ಸುತ್ತನ್ನೇ ಮುಟ್ಟುತ್ತಿರಲಿಲ್ಲ. ಆ ಕಾಲದ 12 ವೋಲ್ಟಿನ ಸಾಮಾನ್ಯ ಡೈನಮೊ ಎಂದರೆ 22 ಆಂಪಿಯರಿನದು, ಅದೂ ಎಂಜಿನ್ ಚೆನ್ನಾಗಿ ಓಡುತ್ತಿದ್ದಾಗ. 45 ವಾಟಿನ ಎರಡು ಹೆಡ್‌ಲೈಟು, ಹಿಂದಿನ ದೀಪ, ವೈಪರು ಸೇರಿದರೆ ಹತ್ತು ಹನ್ನೆರಡು ಆಂಪಿಯರ್ ಖರ್ಚು. ಆಷಾಢದ ಸಂಜೆ ಪೆರ್ಲದ ದಾರಿಯಲ್ಲಿ ದೀಪ ಹಾಕಿಕೊಂಡು ನಿಂತ ಜೀಪಿಗೆ ಆದಾಯ ಸೊನ್ನೆ, ಖರ್ಚು ಪೂರ್ತಿ. ಏರು ಹತ್ತುವಾಗ ಎಂಜಿನ್ ಸುತ್ತು ಸಾಕಷ್ಟಿರುತ್ತದೆ ಎಂಬುದು ನಿಜ, ಆದರೆ ಆ ಏರು ಮುಗಿಯುವುದು ಐದು ನಿಮಿಷದಲ್ಲಿ. ಸೆಲ್ಫ್ ತೆಗೆದುಕೊಂಡದ್ದನ್ನು ಬ್ಯಾಟರಿಗೆ ಹಿಂದಿರುಗಿಸಲು ಅದು ಸಾಲದು.

ಆಲ್ಟರ್ನೇಟರ್ ಈ ಲೆಕ್ಕವನ್ನು ತಿರುವುಮುರುವಾಗಿಸಿತು. ಇದರಲ್ಲಿ ಕರೆಂಟು ಹುಟ್ಟುವುದು ಅಲುಗಾಡದ ಹೊರಸುರುಳಿಯಲ್ಲಿ. ತಿರುಗುವುದು ಕಾಂತ ಮಾತ್ರ. ಬ್ರಶ್ಶಿನ ಮೂಲಕ ಹಾಯುವುದು ಆ ಕಾಂತಕ್ಕೆ ಬೇಕಾದ ಎರಡು ಮೂರು ಆಂಪಿಯರ್ ಅಷ್ಟೆ. ಜೋರಾಗಿ ತಿರುಗಿದರೂ ಕೆಡುವುದಿಲ್ಲವಾದ್ದರಿಂದ ಪುಲ್ಲಿ ಸಣ್ಣದಾಯಿತು, ನಿಂತಲ್ಲೇ ಓಡುವ ಎಂಜಿನ್ನಿನಲ್ಲೂ ಚಾರ್ಜಿಂಗ್ ಬಂತು. ಹುಟ್ಟುವ ಎಸಿಯನ್ನು ಡಿಸಿಗೆ ತಿರುಗಿಸಲು ಅಗ್ಗದ ಸಿಲಿಕಾನ್ ಡಯೋಡ್ ಬೇಕಿತ್ತು. ಅದು ಸಿಕ್ಕಮೇಲೆ 1960ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ತನ್ನ ವೇಲಿಯಂಟ್ ಕಾರಿಗೆ ಆಲ್ಟರ್ನೇಟರನ್ನೇ ಕೂರಿಸಿತು. ಕಾರಿನಲ್ಲಿ ರೇಡಿಯೊ, ಏರ್‌ಕಂಡೀಷನರ್ ಹೆಚ್ಚಿದ್ದೇ ಇದಕ್ಕೆ ಕಾರಣವೆಂದು ಹೇಳುವುದುಂಟು. ಆದರೆ ಅದಕ್ಕೂ ಮೊದಲು, 1940ರ ದಶಕದ ಕೊನೆಯಲ್ಲೇ, ಅದೇ ಕೆಲಸಕ್ಕೆ ಡಬ್ಬದಂಥ ಸೆಲೆನಿಯಂ ರೆಕ್ಟಿಫೈಯರನ್ನು ಬೇರೆಯಾಗಿ ಕಟ್ಟಿಕೊಂಡು ದುಬಾರಿ ಆಲ್ಟರ್ನೇಟರನ್ನು ಹಾಕಿಸಿಕೊಂಡವರು ಯಾರು? ಪೊಲೀಸ್ ಗಾಡಿಗಳವರು, ಬಸ್ಸಿನವರು. ನಿಂತು ನಿಂತು ಹೋಗುವ, ನಿಂತಾಗಲೂ ವೈರ್‌ಲೆಸ್ಸು, ದೀಪ ಉರಿಸಬೇಕಾದ ಗಾಡಿಗಳವು. ಈ ಯಂತ್ರದ ಮೊದಲ ಗಿರಾಕಿಗಳು ನಿಧಾನದವರೇ. ಬದಿಯಡ್ಕದ ಸರ್ವಿಸ್ ಜೀಪನ್ನು ಆ ಸಾಲಿನಲ್ಲಿ ನಿಲ್ಲಿಸಿ ನೋಡಬೇಕು.

ಇಲ್ಲಿ ಬಲವಾದ ಆಕ್ಷೇಪವೊಂದು ಏಳುತ್ತದೆ. ಈ ಕಡೆಯ ಜೀಪುಗಳು ಕ್ರಮೇಣ ಡೀಸೆಲ್ಲಿಗೆ ತಿರುಗಿದವು. 1980ರ ದಶಕದಲ್ಲಿ ಪ್ಯೂಜೊ ವಿನ್ಯಾಸದ 2112 ಸಿಸಿಯ ಎಕ್ಸ್‌ಡಿಪಿ ಎಂಜಿನ್ ಬಂತು, ಆಮೇಲೆ 2523 ಸಿಸಿಯ ಎಂಡಿಐ. ಡೀಸೆಲ್ಲಿಗೆ ಸ್ಪಾರ್ಕ್ ಬೇಡ, ಪಂಪು ಯಾಂತ್ರಿಕ. ಒಮ್ಮೆ ಓಡತೊಡಗಿದರೆ ಬ್ಯಾಟರಿಯ ತಂತಿ ಕಿತ್ತರೂ ಓಡುತ್ತದೆ. ಹಾಗಿದ್ದ ಮೇಲೆ ಕರೆಂಟಿನ ಬಗ್ಗೆ ಇಷ್ಟು ತಲೆಬಿಸಿ ಏಕೆ? ಉತ್ತರ ಆ ಪ್ರಶ್ನೆಯೊಳಗೇ ಇದೆ. ಪೆಟ್ರೋಲ್ ಜೀಪಿನಲ್ಲಿ ಡೈನಮೊ ಕೆಟ್ಟರೆ ಬ್ಯಾಟರಿ ಮುಗಿದಾಗ ಗಾಡಿಯೇ ದಾರಿಯಲ್ಲಿ ನಿಂತು ರೋಗವನ್ನು ಹೇಳಿಬಿಡುತ್ತದೆ. ಡೀಸೆಲ್ ಜೀಪು ಹೇಳುವುದಿಲ್ಲ. ದಿನವಿಡೀ ಓಡಿ, ಆರಿಸಿದ ಮೇಲೆ ಮತ್ತೆ ಏಳುವುದಿಲ್ಲ. ಹೆಚ್ಚಿನ ಒತ್ತಡದ ಎಂಜಿನ್ನನ್ನು ತಿರುಗಿಸಲು ಸೆಲ್ಫಿಗೆ ನೂರಾರು ಆಂಪಿಯರ್ ಬೇಕು. ಎಕ್ಸ್‌ಡಿಪಿಯಂಥ ಎಂಜಿನ್ನಿಗೆ ಮುಂಜಾನೆ ಹೀಟರ್ ಪ್ಲಗ್ ಬಿಸಿಮಾಡುವ ಖರ್ಚು ಬೇರೆ. ಗಾಡಿಯನ್ನು ಇಳಿಜಾರಿನಲ್ಲೇ ನಿಲ್ಲಿಸುವ, ಚಕ್ರಕ್ಕೆ ಕಲ್ಲು ಕೊಟ್ಟು ಬೆಳಿಗ್ಗೆ ದೂಡಿ ಸ್ಟಾರ್ಟ್ ಮಾಡುವ ಅಭ್ಯಾಸ ಗುಡ್ಡದೂರುಗಳಲ್ಲಿ ಬೇರೂರಿದ್ದು ಹೀಗೆ. ಓಡಲು ಕರೆಂಟು ಬೇಡವಾದರೂ ಮತ್ತೆ ಮತ್ತೆ ಹೊರಡಲು ಬೇಕು. ಬಾಡಿಗೆ ಜೀಪಿನ ಸಂಪಾದನೆ ಇರುವುದು ಹೊರಡುವುದರಲ್ಲೇ.

ಎರಡನೆಯ ಆಕ್ಷೇಪ ಡೈನಮೊದ ಪರವಾಗಿ ನಿಲ್ಲುತ್ತದೆ, ಅದರಲ್ಲಿ ಹುರುಳಿದೆ. ಡೈನಮೊದ ಕಬ್ಬಿಣದಲ್ಲಿ ಒಂದಿಷ್ಟು ಕಾಂತಗುಣ ಉಳಿದಿರುತ್ತದೆ. ಬ್ಯಾಟರಿ ಪೂರಾ ಸತ್ತಿದ್ದರೂ ಜೀಪನ್ನು ದೂಡಿ ಎಬ್ಬಿಸಿದರೆ ಅದು ತಾನಾಗಿ ಕರೆಂಟು ಹುಟ್ಟಿಸಬಲ್ಲದು. ಆಲ್ಟರ್ನೇಟರಿಗೆ ಮೊದಲ ಚೂರು ಕರೆಂಟನ್ನು ಸಾಮಾನ್ಯವಾಗಿ ಬ್ಯಾಟರಿಯೇ ಚಾರ್ಜಿಂಗ್ ಲೈಟಿನ ತಂತಿಯ ಮೂಲಕ ಕೊಡಬೇಕು. ಬ್ಯಾಟರಿಯ ಪ್ಲಸ್ಸು ಮೈನಸ್ಸು ಅದಲುಬದಲಾದರೆ ಡಯೋಡುಗಳು ಕ್ಷಣದಲ್ಲಿ ಸುಟ್ಟುಹೋಗುತ್ತವೆ. ಓಡುತ್ತಿರುವಾಗ ಬ್ಯಾಟರಿ ಕಳಚಿದರೂ ಅದೇ ಭಯ. ಕಷ್ಟವನ್ನು ತಾಳಿಕೊಳ್ಳುವ ಗುಣದಲ್ಲಿ ಹಳೆಯದೇ ಮೇಲು. ಆದರೂ ಹೊಸದು ಗೆದ್ದದ್ದು ಅಂಥ ಕಷ್ಟವೇ ಬಾರದಂತೆ ಮಾಡಿದ್ದರಿಂದ. ನಿಂತಾಗಲೂ ಚಾರ್ಜ್ ಆಗುವ ಬ್ಯಾಟರಿ ಸೊನ್ನೆಗೆ ಇಳಿಯುವ ಸಂದರ್ಭವೇ ಅಪರೂಪ. ಬೇಸಗೆಯ ಕೆಂಪು ದೂಳು ಕಮ್ಯುಟೇಟರಿನ ಸಂದುಗಳಲ್ಲಿ ಕಾರ್ಬನ್ ಪುಡಿಯ ಜತೆ ಸೇರಿಕೊಂಡು ಕಿಡಿ ಹಾರಿಸುವ ಪೀಡೆಯೂ ತಪ್ಪಿತು. ಆಲ್ಟರ್ನೇಟರಿನ ನಯವಾದ ಸ್ಲಿಪ್ ರಿಂಗುಗಳಲ್ಲಿ ಅಂಥ ಸಂದುಗಳಿಲ್ಲ.

ರಿಪೇರಿಯ ಕಸುಬು ಇದರಿಂದ ಸತ್ತಿತೆಂದು ಕೊರಗುವವರಿದ್ದಾರೆ. ಡೈನಮೊದ ಕಾಲದ ಆಟೊ ಎಲೆಕ್ಟ್ರಿಷಿಯನ್ ಸವೆದ ಕಮ್ಯುಟೇಟರನ್ನು ಲೇತಿಗೆ ಕೊಟ್ಟು ಹೆರೆಸುತ್ತಿದ್ದ, ಪಟ್ಟಿಗಳ ನಡುವಿನ ಅಭ್ರಕವನ್ನು ಗರಗಸದ ಬ್ಲೇಡಿನ ತುಂಡಿನಿಂದ ಕೆತ್ತುತ್ತಿದ್ದ, ಆರ್ಮೇಚರನ್ನು ಮರುಸುತ್ತಿ ವಾರ್ನಿಶ್ ಕೊಡುತ್ತಿದ್ದ, ಚಾರ್ಜಿಂಗನ್ನು ಹತೋಟಿಯಲ್ಲಿಡುವ ಕಟೌಟಿನ ಪಾಯಿಂಟುಗಳನ್ನು ಉಜ್ಜಿ ಸ್ಪ್ರಿಂಗನ್ನು ಕೂದಲೆಳೆಯಷ್ಟು ಬಗ್ಗಿಸಿ ವೋಲ್ಟೇಜು ಹೊಂದಿಸುತ್ತಿದ್ದ. ಈಗಿನವ ಡಯೋಡ್ ಪ್ಲೇಟು, ರೆಗ್ಯುಲೇಟರು, ಬೇರಿಂಗು ಬದಲಿಸಿ ಕೈತೊಳೆದುಕೊಳ್ಳುತ್ತಾನೆ ಎಂಬುದು ದೂರು. ಇದು ಅರ್ಧ ಸತ್ಯ. ಹಳೆಯ ಜೀಪಿಗೆ ಆಲ್ಟರ್ನೇಟರ್ ಕೂರಿಸುವ ಕೆಲಸವನ್ನೇ ನೋಡಿ. ಬ್ರಾಕೆಟ್ ಹೊಸದಾಗಿ ಮಾಡಿ ವೆಲ್ಡ್ ಮಾಡಬೇಕು, ಮೂರು ಪುಲ್ಲಿಗಳೂ ಒಂದೇ ನೇರದಲ್ಲಿ ನಿಲ್ಲಬೇಕು, ಇಲ್ಲವಾದರೆ ಬೆಲ್ಟು ತಿಂಗಳು ಬಾಳದು. ಹಳೆಯ ಕಟೌಟನ್ನು ಬಿಡಿಸಿ ವೈರಿಂಗ್ ಬದಲಿಸಬೇಕು. 22 ಆಂಪಿಯರಿಗೆಂದು ಎಳೆದ ತಂತಿ, ಮೂವತ್ತರ ಆಂಪಿಯರ್ ಮೀಟರು ಹಾಗೆಯೇ ಇದ್ದಲ್ಲಿ 60 ಆಂಪಿಯರಿನ ಆಲ್ಟರ್ನೇಟರ್ ಕಟ್ಟಿದರೆ ತಂತಿ ಬಿಸಿಯಾಗಿ ಬೆಂಕಿಯನ್ನೇ ಕರೆಯುತ್ತದೆ. ದೊಡ್ಡದು ಹಾಕಿದರೆ ಒಳ್ಳೆಯದೆಂಬ ಗಿರಾಕಿಯ ನಂಬಿಕೆಗೆ ಕಸುಬುದಾರ ಕೊಡಬೇಕಾದ ಉತ್ತರ ಇದೇ: ಯಂತ್ರಕ್ಕೆ ತಕ್ಕ ತಂತಿ, ತಂತಿಗೆ ತಕ್ಕ ಫ್ಯೂಸು. ಮುಂದೆ ಬಂದ ಡೀಸೆಲ್ ಮಾದರಿಗಳಲ್ಲಿ ಬ್ರೇಕಿನ ವ್ಯಾಕ್ಯೂಮ್ ಪಂಪು ಆಲ್ಟರ್ನೇಟರಿನ ಬೆನ್ನಿಗೇ ಅಂಟಿಕೊಂಡಿದೆ. ಅದರ ಸೀಲು ಸೋರಿದರೆ ಎಂಜಿನ್ ಆಯಿಲ್ ಒಳಗೆ ಇಳಿದು ಬ್ರಶ್ಶು ಕೆಡುತ್ತದೆ. ಪಂಪು ಸವೆದರೆ ಇಳಿಜಾರಿನಲ್ಲಿ ಬ್ರೇಕ್ ಪೆಡಲು ಕಲ್ಲಾಗುತ್ತದೆ. ಕರೆಂಟಿನವನು ಬ್ರೇಕಿಗೂ ಜವಾಬ್ದಾರನಾದ. ಕಸುಬು ಕುಗ್ಗಲಿಲ್ಲ, ಕೈಚಳಕದ ಒಂದು ಪಾಲು ರೋಗ ಪತ್ತೆಯ ಕಡೆಗೆ ಸರಿಯಿತು.

ಇದೆಲ್ಲ ಬದಿಯಡ್ಕಕ್ಕೆ ಮಾತ್ರ ಸಲ್ಲುವುದೇ, ಸುಳ್ಯ, ಕೊಡಗು, ವಯನಾಡಿಗೂ ಇದೇ ಮಾತು ಹೊಂದುವುದಿಲ್ಲವೇ ಎಂದು ಕೇಳಬಹುದು. ಹೊಂದುತ್ತದೆ, ವಾದಕ್ಕೆ ಅದರಿಂದ ಬಲವೇ ಬರುತ್ತದೆ. ಭಾಷೆ, ಆಡಳಿತ ಬೇರೆಯಾದರೂ ಏರು, ಮಳೆ, ಕಾಯುವಿಕೆ ಒಂದೇ ಆದಲ್ಲಿ ಗಾಡಿಯ ಬೇಡಿಕೆಯೂ ಒಂದೇ. 1956ರ ಗಡಿಗೆರೆ ಅಡ್ಕಸ್ಥಳದ ಆಚೀಚೆಯ ದಾಖಲೆಗಳನ್ನು ಬೇರೆ ಮಾಡಿತು. ಕಾಸರಗೋಡಿನ ಕೆಎಲ್ 14 ನೋಂದಣಿಯ ಜೀಪಿಗೂ ಗಡಿಯಾಚೆಯ ಜೀಪಿಗೂ ಬೆಲ್ಟು ಸಡಿಲವಾಗುವ ಕಾರಣವನ್ನು ಬೇರೆ ಮಾಡಲಿಲ್ಲ. ಗಡಿಯ ಚರಿತ್ರೆಯಷ್ಟನ್ನೇ ಓದಿದವರಿಗೆ ಕಾಣದ ಒಂದು ಅಖಂಡ ಸೀಮೆ ರಿಪೇರಿಯ ಚರಿತ್ರೆಯಲ್ಲಿ ಕಾಣುತ್ತದೆ. ಈಗ ದಾರಿಗಳಿಗೆ ಡಾಮರು, ಕಾಂಕ್ರೀಟು ಬಿದ್ದಿದೆ. ಆಟೊರಿಕ್ಷಾ ತೋಟದ ಗೇಟಿನ ತನಕ ಬರುತ್ತದೆ. ಜೀಪಿನ ಪಾಲಿಗೆ ಉಳಿದದ್ದು ಕಡಿದಾದ ದಾರಿ ಮತ್ತು ಹವ್ಯಾಸದವರ ಓಟ. 2010ರಲ್ಲಿ ಬಂದ ಮಹೀಂದ್ರ ಥಾರ್‌ನ ಕಾಮನ್ ರೈಲ್ ಎಂಜಿನ್ನಿನಲ್ಲಿ ಡೀಸೆಲ್ ಚಿಮ್ಮಿಸುವುದನ್ನೂ ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಕರೆಂಟು ಹೋದರೆ ಎಂಜಿನ್ನೂ ಹೋಯಿತು. ದೂಡಿ ಎಬ್ಬಿಸಿ ಮನೆ ಸೇರುತ್ತಿದ್ದ ಡೀಸೆಲ್ಲಿನ ಸ್ವಾತಂತ್ರ್ಯ ಕೆಲವು ದಶಕಗಳದಷ್ಟೇ ಆಗಿತ್ತು ಎಂದಾಯಿತು. ಹೊಸ ಯಂತ್ರವೊಂದು ಊರಿಗೆ ಯಾವಾಗ ಬಂತೆಂದು ಕೇಳುವುದು ಸುಲಭ. ಆ ಊರಿನ ಯಾವ ಕೊರತೆಗೆ ಅದು ಉತ್ತರವಾಯಿತೆಂದು ಕೇಳಿದಾಗಲೇ ಚರಿತ್ರೆ ಶುರುವಾಗುತ್ತದೆ. ಬದಿಯಡ್ಕದ ಮಟ್ಟಿಗೆ ಆ ಕೊರತೆ ವೇಗದ್ದಲ್ಲ, ಕಾಯುವ ಹೊತ್ತಿನದು.